ಅಂಗೈ ಅಡ್ಡ ಹಿಡಿದು ನಗುವ ಹುಡುಗಿಯರು

(ದಾವಣಗೆರೆಯ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರು, ತಾಯಂದಿರು ಮತ್ತು ಹಾಸ್ಟೆಲ್ ವಾರ್ಡನ್‌ಗಳ ಮುಂದೆ ದಂತವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು ಅನ್ನುವುದು ಗೊತ್ತಿಲ್ಲದವರು ಯಾರಾದರೂ ಇದ್ದರೆ ಕೈ ಎತ್ತಿ. ಒಂದು ಕೈಯೂ ಮೇಲೇಳಲಿಲ್ಲ. ಸರಿ, ನಿನ್ನೆ ರಾತ್ರಿ ಮಲಗುವ ಮುಂಚೆ ಉಜ್ಜಿದವರು ಎತ್ತಿ ನೋಡೋಣ. ಹಾಂ, ಮುಂದಿನ ಸಾಲಿನಲ್ಲಿ ಒಂದಿಷ್ಟು. ಅದರಲ್ಲೂ ಒಬ್ಬಿಬ್ಬರು ಪಕ್ಕದವಳ ಮುಖ ನೋಡಿ ಎತ್ತಿದ್ದು ನನಗೆ ಕಾಣಿಸಿತು. ಇರಲಿ. ತಾಯಂದಿರಿಗೆ ಈ ಪ್ರಶ್ನೆ ಕೇಳುವುದಿಲ್ಲ, ಗಾಬರಿಯಾಗಬೇಡಿ.

ಹಾಗಾಗಿ ಇವತ್ತು ಬ್ರಷ್ ಹಿಡಿಯುವುದು ಹೇಗೆ ಅಂತ ಪಾಠ ಮಾಡಲು ನಾನು ಬಂದಿಲ್ಲ. ಆ ಪ್ಲಾಸ್ಟಿಕ್ಕಿನ ದೊಡ್ಡ ದವಡೆಯನ್ನೂ ತಂದಿಲ್ಲ. ನೀವು ಮೂರನೇ ಕ್ಲಾಸಿನಿಂದ ಅದನ್ನು ನೋಡಿದ್ದೀರಿ, ನೋಡಿ ನಕ್ಕಿದ್ದೀರಿ. ಉಪದೇಶ ನಿಮಗೆ ಸಾಕಷ್ಟು ಸಿಕ್ಕಿದೆ. ನಿಮ್ಮ ಬಾಯೊಳಗೆ ಏನಾಗುತ್ತಿದೆ ಅನ್ನುವುದನ್ನು ನೀವೇ ಕಂಡುಕೊಳ್ಳುವುದು, ಕಂಡದ್ದನ್ನು ಮನೆಯಲ್ಲಿ ಹೇಳುವುದು, ನೋವು ಶುರುವಾಗುವ ಮುಂಚೆಯೇ ಡಾಕ್ಟರ ಹತ್ತಿರ ಹೋಗುವುದು, ಅಲ್ಲಿ ಕೂತು ಪ್ರಶ್ನೆ ಕೇಳುವುದು, ಇಷ್ಟನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಇದಕ್ಕೆ ನಮ್ಮ ವಿಭಾಗದಲ್ಲಿ ಬಾಯಿಯ ಆರೋಗ್ಯ ಸಾಕ್ಷರತೆ ಅನ್ನುತ್ತೇವೆ.

ಈ ಸಾಕ್ಷರತೆಯನ್ನು ಅಳೆಯಲು ಅಮೆರಿಕದಲ್ಲಿ 2007ರಲ್ಲಿ ಒಂದು ಪರೀಕ್ಷೆ ಬಂತು. ಹಲ್ಲಿಗೆ ಸಂಬಂಧಪಟ್ಟ 30 ಇಂಗ್ಲಿಷ್ ಪದಗಳ ಪಟ್ಟಿ. ಗಟ್ಟಿಯಾಗಿ ಓದಬೇಕು, ಸರಿಯಾಗಿ ಓದಿದ್ದಕ್ಕೆ ಒಂದೊಂದು ಅಂಕ. ಇಲ್ಲಿ ಸೈನ್ಸ್ ಓದುವ ಹುಡುಗಿಯರಿಗೆ ಕೊಟ್ಟರೆ ಬಹಳಷ್ಟು ಮಂದಿ ಒಳ್ಳೆಯ ಅಂಕವನ್ನೇ ತೆಗೆದಾರು. 'ಫ್ಲೋರೋಸಿಸ್' (ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿ ಹಲ್ಲಿಗೆ ಬರುವ ಕಲೆ) ಅನ್ನುವ ಪದವನ್ನು ಒಂದಿಷ್ಟೂ ತಡವರಿಸದೆ ಓದುವ ಹುಡುಗಿಗೆ ತನ್ನ ಮುಂದಿನ ಹಲ್ಲಿನ ಮೇಲಿರುವುದು ಅದೇ ಅಂತ ಗೊತ್ತಿರುವುದಿಲ್ಲ. ಅಂಥವರನ್ನು ನಾನು ಕುರ್ಚಿಯ ಮೇಲೆ ಕೂರಿಸಿಕೊಂಡು ನೋಡಿದ್ದೇನೆ. ಆದ್ದರಿಂದ ಆ ಪಟ್ಟಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಡಾನ್ ನಟ್‌ಬೀಮ್ ಎಂಬ ಸಾರ್ವಜನಿಕ ಆರೋಗ್ಯ ತಜ್ಞರು 2000ದಲ್ಲಿ ಆರೋಗ್ಯ ಸಾಕ್ಷರತೆಗೆ ಮೂರು ಮೆಟ್ಟಿಲು ಹೇಳಿದರು. ಓದಿ ತಿಳಿಯುವುದು ಮೊದಲನೆಯದು. ಇನ್ನೊಬ್ಬರ ಜೊತೆ ಮಾತಾಡಿ, ಕೇಳಿ, ಅದನ್ನು ಬಳಸಿಕೊಳ್ಳುವುದು ಎರಡನೆಯದು. ಹೇಳಿದ್ದನ್ನೆಲ್ಲ ನಂಬದೆ ತೂಗಿ ನೋಡುವುದು, ತನ್ನ ಸ್ಥಿತಿಯನ್ನು ಬದಲಾಯಿಸಿಕೊಳ್ಳಲು ಅದನ್ನು ಉಪಯೋಗಿಸುವುದು ಮೂರನೆಯದು. ನಮ್ಮ ಹುಡುಗಿಯರು ಮೊದಲನೆಯದರಲ್ಲಿ ಚೆನ್ನಾಗಿದ್ದಾರೆ. ಎರಡನೆಯದರಲ್ಲೇ ನಿಂತುಬಿಡುತ್ತಾರೆ, ಅದಕ್ಕೆ ಕಾರಣ ಅವರಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಹಲ್ಲಿನ ವಿಷಯ. ಬಾಯಲ್ಲಿ ನಡುವಿನಿಂದ ಎಣಿಸುತ್ತಾ ಹೋದರೆ ಆರನೆಯದಾಗಿ ಸಿಗುವ ದೊಡ್ಡ ದವಡೆ ಹಲ್ಲು. ಮೇಲೆ ಎರಡು, ಕೆಳಗೆ ಎರಡು. ಇದು ಹುಟ್ಟುವುದು ಸುಮಾರು ಆರನೇ ವಯಸ್ಸಿಗೆ. ಇದರ ದೌರ್ಭಾಗ್ಯ ಏನೆಂದರೆ, ಇದು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲ. ಹಾಲುಹಲ್ಲುಗಳ ಹಿಂದೆ, ಖಾಲಿ ಜಾಗದಲ್ಲಿ, ಯಾರಿಗೂ ಹೇಳದೆ ಬಂದು ಕೂತುಬಿಡುತ್ತದೆ. ಮನೆಯವರು ಇದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಎಂಟು ವರ್ಷಕ್ಕೆ ಅದರಲ್ಲೊಂದು ಕಪ್ಪು ಚುಕ್ಕೆ ಕಂಡರೆ "ಬಿಡ್ರಿ, ಬಿದ್ದು ಹೊಸಾದು ಬರ್ತೈತಿ" ಅನ್ನುತ್ತಾರೆ. ಬರುವುದಿಲ್ಲ. ಅದೇ ಕಾಯಂ ಹಲ್ಲು. ಹದಿನಾರು ವರ್ಷದ ಹುಡುಗಿ ದವಡೆ ಊದಿಸಿಕೊಂಡು ನಮ್ಮ ಹತ್ತಿರ ಬಂದಾಗ ಬಾಯಿ ತೆರೆಸಿದರೆ, ಬಹಳ ಸಲ ಹಾಳಾಗಿರುವುದು ಇದೇ ಹಲ್ಲು. ಹತ್ತು ವರ್ಷ ಹಳೆಯ ಕಥೆ, ಇವತ್ತು ನೋವಾಗಿದೆ ಅಷ್ಟೆ.

ಈ ಹಲ್ಲಿನ ಮೇಲ್ಭಾಗದಲ್ಲಿ ಆಳವಾದ ಸಂದುಗಳಿರುತ್ತವೆ. ಬ್ರಷ್ಷಿನ ಎಳೆ ಆ ಸಂದಿನ ತಳ ಮುಟ್ಟುವುದಿಲ್ಲ. ಹಲ್ಲು ಬಂದ ಹೊಸದರಲ್ಲೇ ಆ ಸಂದುಗಳನ್ನು ಸೀಲಂಟ್ ಅನ್ನುವ ತೆಳುವಾದ ಲೇಪದಿಂದ ಮುಚ್ಚಿಬಿಡಬಹುದು. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ನೋವಿಲ್ಲ. ನಿಮ್ಮ ಮನೆಯಲ್ಲಿ ಆರೇಳು ವರ್ಷದ ತಮ್ಮ ತಂಗಿ ಇದ್ದರೆ ಇವತ್ತು ಮನೆಗೆ ಹೋಗಿ ಅವರ ಬಾಯಿ ನೋಡಿ. ಇದರ ಹಿಂದಿನ ದವಡೆ ಹಲ್ಲು ಹನ್ನೆರಡರ ಸುಮಾರಿಗೆ ಬರುತ್ತದೆ. ಅದೂ ಸಂದುಗಳ ಹಲ್ಲೇ, ನಿಮ್ಮದನ್ನೂ ಒಮ್ಮೆ ತೋರಿಸಿ. ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 12 ವರ್ಷದವರಲ್ಲಿ ಶೇ. 53.8 ಮಂದಿಗೆ, 15 ವರ್ಷದವರಲ್ಲಿ ಶೇ. 63.1 ಮಂದಿಗೆ ಹುಳುಕು ಕಂಡಿತ್ತು. ಹಳೆಯ ಅಂಕಿ ನಿಜ. ಆದರೆ ಆ ಮೂರು ವರ್ಷದ ಏರಿಕೆ ನೋಡಿ, ಅದು ನೀವು ಈಗಷ್ಟೇ ದಾಟಿ ಬಂದ ವಯಸ್ಸು.

ಇನ್ನು ರಕ್ತದ ವಿಷಯ. "ಉಜ್ಜಿದ್ರೆ ರಕ್ತ ಬರ್ತೈತಿ ಮೇಡಂ, ಅದಕ್ಕೆ ಆ ಕಡೆ ಉಜ್ಜೋದು ಬಿಟ್ಟೀನಿ." ಈ ಮಾತು ಕೇಳದ ವಾರವೇ ನನಗಿಲ್ಲ. ಮನೆಯಲ್ಲಿ ಹೇಳಿದರೆ ಬರುವ ಉತ್ತರ ಒಂದೇ: ಉಷ್ಣ. ಮೊಸರು ತಿನ್ನು, ಎಳನೀರು ಕುಡಿ, ಒಳ್ಳೇದಾಗುತ್ತದೆ. ಎಳನೀರು ಕುಡಿಯಿರಿ, ನನ್ನ ತಕರಾರಿಲ್ಲ. ಆದರೆ ಒಸಡಿನಿಂದ ರಕ್ತ ಬರುವುದಕ್ಕೆ ಬಹುಪಾಲು ಕಾರಣ ಒಸಡಿನ ಅಂಚಿನಲ್ಲಿ ಕೂತ ಪಾಚಿ. ಅದು ಬ್ಯಾಕ್ಟೀರಿಯಾಗಳ ಪದರ. ನಿಮ್ಮ ವಯಸ್ಸಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮೈನೆರೆಯುವ ಸಮಯದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರುತ್ತವೆ. ಆಗ ಒಸಡು ಅದೇ ಅಷ್ಟು ಪಾಚಿಗೆ ಮೊದಲಿಗಿಂತ ಹೆಚ್ಚು ಕೆರಳುತ್ತದೆ, ಕೆಂಪಗಾಗಿ ಊದುತ್ತದೆ. ಕೆಲವರಿಗೆ ಮುಟ್ಟಿನ ಹತ್ತಿರದ ದಿನಗಳಲ್ಲಿ ಇದು ಎದ್ದು ಕಾಣುತ್ತದೆ. ಮುಟ್ಟಿನ ಬಗ್ಗೆ ಈಗ ಶಾಲೆಗಳಲ್ಲಿ ಮಾತಾಡುತ್ತಾರೆ, ಪ್ಯಾಡ್ ಕೊಡುತ್ತಾರೆ. ಒಳ್ಳೆಯದು. ಆ ಮಾತಿನಲ್ಲಿ ಒಸಡಿನ ಎರಡು ವಾಕ್ಯ ಸೇರಿಸಿದರೆ ಏನು ಖರ್ಚು?

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ತನ್ನ ಸಂಗಡಿಗರೊಂದಿಗೆ ಒಂದು ಪ್ರಯೋಗದ ವರದಿ ಕೊಟ್ಟ. ಒಸಡು ಚೆನ್ನಾಗಿದ್ದ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿಗಳೇ. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಪ್ರತಿಯೊಬ್ಬರಿಗೂ ಒಸಡಿನ ಉರಿಯೂತ ಬಂತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಹೆಚ್ಚುಕಡಿಮೆ ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. ಈಗ ನಮ್ಮ ಹುಡುಗಿ ಮಾಡುವುದನ್ನು ನೋಡಿ. ರಕ್ತ ಬರುವ ಜಾಗವನ್ನೇ ಉಜ್ಜದೆ ಬಿಡುತ್ತಾಳೆ. ಗಾಯ ಅಂದುಕೊಂಡು ಕಾಪಾಡುತ್ತಿದ್ದಾಳೆ. ಅವಳು ಮಾಡಬೇಕಾದ್ದು ಪೂರ್ತಿ ಉಲ್ಟಾ. ಮೆತ್ತನೆಯ ಬ್ರಷ್ಷು, ಒಸಡಿನ ಅಂಚಿಗೆ ಓರೆ ಹಿಡಿದು, ಅದೇ ಜಾಗದಲ್ಲಿ ನಿಧಾನವಾಗಿ. ಎರಡು ವಾರ ಹೀಗೆ ಮಾಡಿಯೂ ರಕ್ತ ನಿಲ್ಲದಿದ್ದರೆ ಬನ್ನಿ, ಗಟ್ಟಿಯಾದ ಕಿಟ್ಟ ಕೂತಿರಬಹುದು, ಅದು ಬ್ರಷ್ಷಿಗೆ ಬಗ್ಗುವುದಿಲ್ಲ. ಇಲ್ಲವೇ ರಕ್ತ ಪರೀಕ್ಷೆ ಬೇಕಾಗುವಂಥ ಬೇರೆ ಕಾರಣ ಇರಬಹುದು. ಅದು ವಿರಳ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ.

ನಾನು ಇವತ್ತು ಮುಖ್ಯವಾಗಿ ಆಡಬೇಕು ಅಂದುಕೊಂಡು ಬಂದ ಮಾತು ಹಲ್ಲಿನ ಮೇಲಿನ ಕಲೆಯದು.

ಈ ಹಾಲಿನಲ್ಲಿ ಜಗಳೂರು ಕಡೆಯವರು ಇದ್ದೀರಿ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರೂ ಇರಬಹುದು. ಯಾರು ಯಾರು ಅಂತ ನಾನು ಕೇಳುವುದಿಲ್ಲ. ಫೋಟೋ ತೆಗೆಯುವಾಗ ಬಾಯಿ ಬಿಗಿಹಿಡಿಯುವ, ಜೋಕು ಕೇಳಿದರೆ ಅಂಗೈ ಅಡ್ಡ ಹಿಡಿದು ನಗುವ ಹುಡುಗಿಯರನ್ನು ನೋಡಿದರೆ ನನಗೆ ಅವರ ಊರಿನ ಬೋರ್‌ವೆಲ್ ನೆನಪಾಗುತ್ತದೆ. ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡೂ ಜಿಲ್ಲೆಗಳ ಬಯಲು ಸೀಮೆಯಲ್ಲಿ ಗಟ್ಟಿ ಕಲ್ಲಿನ ಪದರಗಳಿಂದ ಬರುವ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದ ಕಡೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ಮಗು ಕುಡಿಯುತ್ತಾ ಬೆಳೆದರೆ, ದವಡೆಯೊಳಗೆ ತಯಾರಾಗುತ್ತಿರುವ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಹಲ್ಲು ಹೊರಗೆ ಬರುವಾಗಲೇ ಸುಣ್ಣದಂಥ ಬಿಳಿ ಗೆರೆಗಳು, ಜಾಸ್ತಿಯಾದರೆ ಆಮೇಲೆ ಕಂದು ಕಲೆ, ಇನ್ನೂ ಜಾಸ್ತಿಯಾದರೆ ಗುಳಿ.

ಹದಿನಾರರ ಹುಡುಗಿಗೆ ಇದರಿಂದ ತಿಳಿಯಬೇಕಾದ್ದು ಮೂರು ನಾಲ್ಕಿವೆ. ಬುದ್ಧಿಹಲ್ಲೊಂದನ್ನು ಬಿಟ್ಟರೆ ಕಾಯಂ ಹಲ್ಲುಗಳ ಮೇಲ್ಭಾಗ ತಯಾರಾಗಿ ಮುಗಿಯುವುದು ಸುಮಾರು ಎಂಟು ವರ್ಷದೊಳಗೆ. ಅಂದರೆ ನಿಮ್ಮ ಕಲೆ ನಿಮ್ಮ ಕೊಳಕಲ್ಲ, ಸೋಮಾರಿತನವಲ್ಲ. ನೀವು ಅಂಗನವಾಡಿಗೆ ಹೋಗುತ್ತಿದ್ದಾಗ ಕುಡಿದ ನೀರು. ಇವತ್ತಿನ ನೀರು ನಿಮ್ಮ ಮುಂದಿನ ಹಲ್ಲುಗಳಿಗೆ ಹೊಸ ಕಲೆ ತರುವುದಿಲ್ಲ. ಆದರೆ ಮನೆಯಲ್ಲಿರುವ ಎರಡು ವರ್ಷದ ಮಗುವಿಗೆ ತರುತ್ತದೆ, ಮತ್ತು ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆ ಕೀಲುಗಳಿಗೂ ಅದು ಒಳ್ಳೆಯದಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಇನ್ನಷ್ಟು ಏರುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ನಿಮ್ಮ ಊರಲ್ಲಿ ಕೆಟ್ಟು ನಿಂತಿದ್ದರೆ, ಅದನ್ನು ಪಂಚಾಯ್ತಿಯಲ್ಲಿ ಕೇಳುವುದೂ ಹಲ್ಲಿನ ಆರೈಕೆಯೇ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ನಟ್‌ಬೀಮರ ಮೂರನೇ ಮೆಟ್ಟಿಲು ಅಂದರೆ ಅದೇ.

ಕಲೆ ಹೋಗಿಸಲು ಹುಡುಗಿಯರು ಏನೇನು ಮಾಡುತ್ತಾರೆ ಅಂತ ಕೇಳಿ. ನಿಂಬೆಹಣ್ಣಿನ ಹೋಳು, ಅಡುಗೆ ಸೋಡಾ, ಇದ್ದಿಲ ಪುಡಿ, ಇಟ್ಟಿಗೆ ಬಣ್ಣದ ಹಲ್ಲುಪುಡಿ, ಈಗ ಹೊಸದಾಗಿ ರೀಲ್ಸಿನಲ್ಲಿ ಬರುವ ಕಪ್ಪು ಪೇಸ್ಟು. ನಿಂಬೆರಸ ಆಮ್ಲ, ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದದ್ದನ್ನು ಪುಡಿ ಸವೆಸುತ್ತದೆ. ಕಲೆ ಇರುವುದು ಎನಾಮಲ್ಲಿನ ಒಳಗೆ. ಮೇಲೆ ಅಂಟಿದ ಕೊಳೆ ಅದಾಗಿದ್ದರೆ ಉಜ್ಜಿ ತೆಗೆಯಬಹುದಿತ್ತು. ಬಿರುಕು ಬಿಟ್ಟ ಗೋಡೆಯನ್ನು ತೆಂಗಿನ ನಾರು ಹಿಡಿದು ತಿಕ್ಕಿದರೆ ಸುಣ್ಣ ಹೋಗುತ್ತದೆ, ಬಿರುಕು ಅಲ್ಲೇ ಇರುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆಮೇಲೆ ತಣ್ಣೀರು ಕುಡಿದರೂ ಜುಂ ಅನ್ನುತ್ತದೆ.

ಕಲೆಗೆ ಚಿಕಿತ್ಸೆ ಇದೆ. ತೆಳುವಾದ ಕಲೆಯನ್ನು ಡಾಕ್ಟರ ಕೈಯಲ್ಲಿ ಹದವಾಗಿ ಸವೆಸಿ ತೆಗೆಯುವ ವಿಧಾನವಿದೆ, ಬ್ಲೀಚಿಂಗ್ ಇದೆ, ಗಾಢ ಕಲೆಗೆ ಹಲ್ಲಿನ ಬಣ್ಣದ ಲೇಪ ಅಥವಾ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ವಿನಿಯರ್, ಇದೆ. ಯಾವುದು ಯಾರಿಗೆ ಅನ್ನುವುದು ಕಲೆ ಎಷ್ಟು ಆಳ ಅನ್ನುವುದರ ಮೇಲೆ. ಏನೂ ಮಾಡಿಸಿಕೊಳ್ಳದೆ ಇರುವುದೂ ಒಂದು ಆಯ್ಕೆಯೇ. ಸೌಮ್ಯವಾದ ಫ್ಲೋರೋಸಿಸ್ ಇರುವ ಹಲ್ಲು ಕೆಲಸಕ್ಕೆ ಗಟ್ಟಿಯಾಗಿಯೇ ಇರುತ್ತದೆ. ನೋಡುವವರ ಕಣ್ಣಿಗೋಸ್ಕರ ಮಾಡಿಸಿಕೊಳ್ಳಬೇಕೋ ಬೇಡವೋ, ಅದನ್ನು ನೀವು ಯೋಚಿಸಿ ಹೇಳಬೇಕು.

"ಹಾಗಾದ್ರೆ ಫ್ಲೋರೈಡ್ ಇರೋ ಪೇಸ್ಟ್ ಬಿಟ್ಟುಬಿಡಬೇಕಾ?" ಹೋದಲ್ಲೆಲ್ಲ ಬರುವ ಪ್ರಶ್ನೆ. ಬೇಡ. ಪೇಸ್ಟನ್ನು ನೀವು ಉಗುಳುತ್ತೀರಿ, ಅದು ಹಲ್ಲಿನ ಹೊರಮೈಗೆ ಕೆಲಸ ಮಾಡುತ್ತದೆ. ಹುಳುಕು ಶುರುವಾಗುವ ಜಾಗದಲ್ಲಿ ಕಳೆದುಹೋದ ಖನಿಜ ಮರಳಿ ಕೂರಲು ನೆರವಾಗುತ್ತದೆ. ನಿಮ್ಮ ವಯಸ್ಸಿಗೆ ಪೇಸ್ಟಿನಿಂದ ಫ್ಲೋರೋಸಿಸ್ ಬರುವುದಿಲ್ಲ. ನುಂಗುವ ವಯಸ್ಸಿನ ಚಿಕ್ಕ ಮಕ್ಕಳಿಗೆ ಮಾತ್ರ ಪ್ರಮಾಣ ನೋಡಿ ಹಾಕಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಮುಗಿಯಲಿ ಅಂತ.

ಟ್ಯೂಬಿನ ಮಾತು ಬಂತು. ಮನೆಗೆ ಹೋಗಿ ನಿಮ್ಮ ಪೇಸ್ಟಿನ ಟ್ಯೂಬನ್ನು ಓದಿ. ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಅದು ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂತ ಟ್ಯೂಬಿನ ಮೇಲೂ ಡಬ್ಬದ ಮೇಲೂ ಬರೆಯಬೇಕು, ಅವಧಿ ಮುಗಿಯುವ ದಿನಾಂಕವನ್ನೂ ಹಾಕಬೇಕು ಅನ್ನುವುದು ನಮ್ಮ ದೇಶದ ನಿಯಮ. ಸಾವಿರದ ಆಸುಪಾಸಿನ ಸಂಖ್ಯೆ ಹುಡುಕಿ. ಅಕ್ಷರ ಎಷ್ಟು ಸಣ್ಣದೆಂದರೆ ನನಗೆ ಕನ್ನಡಕ ಬೇಕು, ನಿಮಗೆ ಬೇಡ. ಅದನ್ನು ಬಿಟ್ಟು ನೀವೆಲ್ಲ ಓದುವುದು ಟ್ಯೂಬಿನ ಬುಡದಲ್ಲಿರುವ ಬಣ್ಣದ ಪಟ್ಟಿಯನ್ನು. ಹಸಿರಿದ್ದರೆ ನೈಸರ್ಗಿಕ, ಕಪ್ಪಿದ್ದರೆ ಪೂರ್ತಿ ಕೆಮಿಕಲ್. ವಾಟ್ಸಾಪಿನಲ್ಲಿ ಈ ಪಾಠ ಎಲ್ಲರಿಗೂ ಬಂದಿದೆ. ಆ ಪಟ್ಟಿ ಕಾರ್ಖಾನೆಯ ಯಂತ್ರಕ್ಕೆ ಹಾಕಿದ ಗುರುತು. ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಅನ್ನುವುದನ್ನು ಬೆಳಕಿನ ಸೆನ್ಸರ್ ಅದನ್ನು ನೋಡಿ ತಿಳಿದುಕೊಳ್ಳುತ್ತದೆ. ಒಳಗಿರುವ ಪೇಸ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ನೈಸರ್ಗಿಕ ಅನ್ನುವ ಕಾರಣಕ್ಕೆ ಒಳ್ಳೆಯದು ಅನ್ನುವುದೂ ನಿಲ್ಲದ ಮಾತು, ಹೊಗೆಸೊಪ್ಪೂ ನೈಸರ್ಗಿಕವೇ.

ಹೊಗೆಸೊಪ್ಪಿನ ಬಗ್ಗೆ ಹೇಳಿಯೇಬಿಡುತ್ತೇನೆ. ಹಲ್ಲುನೋವು ಅಂದರೆ ಕೆಲವು ಮನೆಗಳಲ್ಲಿ ಅಜ್ಜಿ ಚಿಟಿಕೆ ಕಡ್ಡಿಪುಡಿಯನ್ನೋ ನಶ್ಯವನ್ನೋ ಹಲ್ಲಿಗೆ ಒತ್ತಲು ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ನೋವು ಮಂದವಾದ ಹಾಗೂ ಆಗುತ್ತದೆ, ಚಟ ಹತ್ತುವುದೂ ಅಲ್ಲಿಂದಲೇ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಸರಕಾರ 1992ರಲ್ಲೇ ನಿಷೇಧಿಸಿದೆ. ಅಡಿಕೆಯ ಮಾತು ಆಡುವುದು ಇಲ್ಲಿ ಕಷ್ಟ. ಚನ್ನಗಿರಿ, ಭೀಮಸಮುದ್ರದ ಕಡೆಯವರ ಮನೆ ನಡೆಯುವುದೇ ಅದರಿಂದ, ನಿಮ್ಮಲ್ಲಿ ಎಷ್ಟೋ ಜನರ ಫೀಸು ಅಡಿಕೆಯ ದುಡ್ಡು. ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ತಂಬಾಕು ಇಲ್ಲದ ಬರೀ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸಿಹಿ ಅಡಿಕೆ ಪೊಟ್ಟಣ ಇದೆಯಲ್ಲ, ಅದನ್ನು ಯಾರೂ ಚಟ ಅನ್ನುವುದಿಲ್ಲ, ಅದಕ್ಕೇ ಹುಡುಗಿಯರ ಬ್ಯಾಗಿನಲ್ಲಿ ಅದು ಸಿಗುತ್ತದೆ. ದಿನಾ ಜಗಿದರೆ ಕೆನ್ನೆಯ ಒಳಮೈ ನಾರು ನಾರಾಗಿ ಬಿಗಿಯುತ್ತದೆ, ಖಾರ ತಿಂದರೆ ಉರಿ, ಬರಬರುತ್ತಾ ಬಾಯಿ ತೆರೆಯಲಾಗುವುದಿಲ್ಲ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಹಿಡಿಸಿ ನೋಡಿ. ಹಿಡಿಸದಿದ್ದರೆ ತೋರಿಸಿ.

ತಿನ್ನುವುದರ ಬಗ್ಗೆ ಉದ್ದಕ್ಕೆ ಹೇಳಲಾರೆ. ದಾವಣಗೆರೆಯಲ್ಲಿ ನಿಂತು ಮಂಡಕ್ಕಿ ಮೆಣಸಿನಕಾಯಿ ತಿನ್ನಬೇಡಿ ಅಂದವರು ಸುರಕ್ಷಿತವಾಗಿ ಮನೆ ಸೇರುವುದು ಕಷ್ಟ, ಮತ್ತು ನಾನೂ ತಿನ್ನುತ್ತೇನೆ. ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದು ಹಲ್ಲಿಗೆ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಪಾಚಿಯಲ್ಲಿ ಆಮ್ಲ ಏರುತ್ತದೆ, ಜೊಲ್ಲು ಅದನ್ನು ತಣಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಹೊತ್ತಿನೊಳಗೆ ಇನ್ನೊಂದು ಚಾಕೊಲೇಟು, ಆಮೇಲೆ ಬಿಸ್ಕತ್ತು, ಆಮೇಲೆ ಸಕ್ಕರೆ ಚಹಾ ಅಂತ ಹೋದರೆ ಜೊಲ್ಲಿಗೆ ಬಿಡುವೇ ಇಲ್ಲ. ಇದು ನಮಗೆ ಖಚಿತವಾಗಿ ಗೊತ್ತಾದದ್ದು ಸ್ವೀಡನ್ನಿನ ವಿಪೆಹೋಲ್ಮ್‌ನಲ್ಲಿ 1940ರ ದಶಕದಲ್ಲಿ ಶುರುವಾದ ಪ್ರಯೋಗದಿಂದ. ಬುದ್ಧಿಮಾಂದ್ಯರ ಆಶ್ರಯಧಾಮದಲ್ಲಿದ್ದವರಿಗೆ ಅವರ ಒಪ್ಪಿಗೆಯಿಲ್ಲದೆ ಅಂಟು ಮಿಠಾಯಿ ತಿನ್ನಿಸಿ ಹಲ್ಲು ಹಾಳಾಗುವುದನ್ನು ಎಣಿಸಿದರು. ಪಾಠ ಹೇಳುವಾಗೆಲ್ಲ ಅದನ್ನು ಉದಾಹರಿಸುವ ನಾವು, ಅದು ಯಾರ ಹಲ್ಲಿನ ಬೆಲೆಗೆ ಬಂದದ್ದು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಮಂಡಕ್ಕಿಯ ಬಗ್ಗೆ ಒಂದೇ ಮಾತು: ಪಿಷ್ಟ ದವಡೆ ಹಲ್ಲಿನ ಸಂದಿನಲ್ಲಿ ಕೂತುಬಿಡುತ್ತದೆ, ತಿಂದ ಮೇಲೆ ನೀರು ಹಾಕಿ ಜೋರಾಗಿ ಮುಕ್ಕಳಿಸಿ.

ಹಾಸ್ಟೆಲ್ಲಿನ ವಾರ್ಡನ್‌ಗಳಿಗೆ ಒಂದು ಮಾತು. ರಾತ್ರಿಯ ಬ್ರಷಿಂಗ್ ತಪ್ಪುವುದು ಸೋಮಾರಿತನಕ್ಕೆ ಅಂತ ನೀವು ಹೇಳುತ್ತೀರಿ. ನಾನು ಒಂದೆರಡು ಹಾಸ್ಟೆಲ್ಲಿನ ನಲ್ಲಿ ನೋಡಿದ್ದೇನೆ. ಒಂದು ಮಹಡಿಗೆ ನಾಲ್ಕು ನಲ್ಲಿ, ಅದರಲ್ಲೊಂದು ಕೆಟ್ಟಿದೆ, ಸ್ಟಡಿ ಅವರ್ ಮುಗಿದ ಕೂಡಲೇ ಲೈಟ್ ಆಫ್, ಹೊರಗಿನ ಬಚ್ಚಲಿಗೆ ಕತ್ತಲಲ್ಲಿ ಒಬ್ಬಳೇ ಹೋಗಬೇಕು. ಯಾವ ಹುಡುಗಿ ಹೋಗುತ್ತಾಳೆ? ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ರಾತ್ರಿಯೇ ಅಪಾಯದ ಹೊತ್ತು. ಬೆಳಗಿನದಕ್ಕಿಂತ ರಾತ್ರಿಯದು ಮುಖ್ಯ. ಊಟವಾದ ಮೇಲೆ, ಸ್ಟಡಿ ಅವರ್‌ಗೆ ಮುಂಚೆ ಹತ್ತು ನಿಮಿಷ ಬಿಡಿ, ಆಮೇಲೆ ನೀರು ಬಿಟ್ಟು ಏನನ್ನೂ ತಿನ್ನದಿದ್ದರೆ ಆಯಿತು. ಒಂದೇ ಮಗ್ಗಿನಲ್ಲಿ ಎಂಟು ಬ್ರಷ್ಷು ಒತ್ತಿಟ್ಟುಕೊಳ್ಳುವುದೂ ಬೇಡ. ಹುಡುಗಿಯರೇ, ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಐದಾರು ಸಲ ಮುಕ್ಕಳಿಸಬೇಡಿ. ಫ್ಲೋರೈಡ್ ಒಂದಿಷ್ಟು ಹೊತ್ತು ಹಲ್ಲಿನ ಮೇಲೆ ಉಳಿಯಲಿ.

ಈಗ ಆ ಎರಡನೇ ಮೆಟ್ಟಿಲಿಗೆ ಬರುತ್ತೇನೆ. ಹುಡುಗಿಯರು ಯಾಕೆ ಅಲ್ಲೇ ನಿಲ್ಲುತ್ತಾರೆ?

ಹದಿನೇಳು ವರ್ಷದ ಹುಡುಗಿ ನನ್ನ ಮುಂದೆ ಕೂತಿರುತ್ತಾಳೆ. "ಎಲ್ಲಿ ನೋಯುತ್ತೆ ಮಗಳೇ?" ಅಂತ ಅವಳನ್ನು ಕೇಳುತ್ತೇನೆ. ಉತ್ತರ ಅವಳ ಅವ್ವನಿಂದ ಬರುತ್ತದೆ. ಎಷ್ಟು ದಿನದಿಂದ ಅಂದರೆ ಅಪ್ಪ ಹೇಳುತ್ತಾರೆ. ಅವಳು ಮೇಲಿನ ಲೈಟು ನೋಡುತ್ತಾ ಮಲಗಿರುತ್ತಾಳೆ. ಆಮೇಲೆ ಅಪ್ಪನ ಪ್ರಶ್ನೆ: "ಕಿತ್ತುಬಿಡೋಕೆ ಎಷ್ಟಾಗ್ತೈತ್ರಿ?" ಉಳಿಸಲು ಎಷ್ಟು ಅಂತ ಕೇಳುವುದಿಲ್ಲ, ಯಾಕೆಂದರೆ ಅದು ಹಿಂದಿನ ಹಲ್ಲು, ಕಾಣುವುದಿಲ್ಲ. ಅದೇ ಮನೆಯವರು ಮೂರು ವರ್ಷ ಬಿಟ್ಟು ಮತ್ತೆ ಬರುತ್ತಾರೆ, ಗಂಡಿನ ಕಡೆಯವರು ನೋಡಲು ಬರುತ್ತಾರಂತೆ, ಮುಂದಿನ ಹಲ್ಲಿನ ಕಲೆ ಹದಿನೈದು ದಿನದಲ್ಲಿ ಹೋಗಬೇಕಂತೆ, ಖರ್ಚು ಎಷ್ಟಾದರೂ ಆಗಲಿ. ಅಪ್ಪಂದಿರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ದುಡ್ಡಿನ ಕಷ್ಟ ನನಗೆ ಗೊತ್ತು. ಆದರೆ ಹೆಣ್ಣುಮಗಳ ಬಾಯಲ್ಲಿ ಕಾಣುವ ಆರು ಹಲ್ಲಿಗೆ ಒಂದು ಲೆಕ್ಕ, ಅಗಿಯುವ ಹಲ್ಲಿಗೆ ಇನ್ನೊಂದು ಲೆಕ್ಕ ಇಟ್ಟಿದ್ದೇವೆ. ಹುಡುಗಿಯೂ ಅದನ್ನೇ ಕಲಿಯುತ್ತಾಳೆ, ಕನ್ನಡಿಯಲ್ಲಿ ಕಾಣುವುದನ್ನಷ್ಟೇ ನೋಡಿಕೊಳ್ಳುತ್ತಾಳೆ.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ನೀವೇ ಬಾಯಿಬಿಡಿ. ಏನಾಗಿದೆ, ಕನ್ನಡದಲ್ಲಿ ಹೇಳಿ ಅನ್ನಿ. ಈಗ ಮಾಡಿಸದೆ ಪರೀಕ್ಷೆ ಮುಗಿಯುವವರೆಗೆ ಬಿಟ್ಟರೆ ಏನಾಗುತ್ತದೆ ಅಂತ ಕೇಳಿ. ಉಳಿಸುವುದಕ್ಕೆ, ಕೀಳುವುದಕ್ಕೆ, ಎರಡಕ್ಕೂ ಒಟ್ಟು ಖರ್ಚೆಷ್ಟು, ಎಷ್ಟು ಸಲ ಬರಬೇಕು ಅಂತ ಕೇಳಿ. ಸಹಿ ಹಾಕುವ ಫಾರಂ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳಿಸಿಕೊಳ್ಳಿ. ಸಿಡುಕುವ ಡಾಕ್ಟರೂ ಇದ್ದಾರೆ, ನನ್ನ ವೃತ್ತಿಯವರ ಮೇಲೆ ನನಗೇನೂ ಭ್ರಮೆಯಿಲ್ಲ. ಸಿಡುಕಿದರೆ ಬೇರೆ ಕಡೆ ಹೋಗಿ.

ಬೇರೆ ಕಡೆ ಹೋಗಲು ಈ ಊರಲ್ಲಿ ಜಾಗವಿದೆ. 1979ರಿಂದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇದೆ, 1991ರಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಶುರುವಾಯಿತು. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ, ಸಮಯ ಜಾಸ್ತಿ. ವಿದ್ಯಾರ್ಥಿಗಳು ಮಾಡುತ್ತಾರೆ ಅಂತ ಹೆದರಬೇಡಿ, ಹಿಂದೆ ನಿಂತು ನೋಡುವವರು ಇರುತ್ತಾರೆ. ಸರಕಾರಿ, ಅನುದಾನಿತ ಶಾಲೆಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಹದಿನೆಂಟು ವರ್ಷದವರೆಗಿನವರನ್ನು ನೋಡುತ್ತಾರೆ, ಅದರಲ್ಲಿ ಹಲ್ಲೂ ಸೇರಿದೆ. ಹುಳುಕು ಕಂಡರೆ ದೊಡ್ಡ ಆಸ್ಪತ್ರೆಗೆ ತೋರಿಸಿ ಅಂತ ಚೀಟಿ ಕೊಡುತ್ತಾರೆ. ಆ ಚೀಟಿ ನೋಟ್‌ಬುಕ್ಕಿನ ನಡುವೆ ಕೂತು ವರ್ಷ ಕಳೆಯುತ್ತದೆ. ತಾಯಂದಿರೇ, ದಯವಿಟ್ಟು ಮಕ್ಕಳ ಬ್ಯಾಗು ನೋಡಿ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನು ಸಂಘಟಕರು ಇಲ್ಲಿ ಸೇರಿಸಲು ಕೇಳಿದ್ದಾರೆ.

ಒಬ್ಬ ತಾಯಿ: ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಅಲ್ಲಾಡ್ತಾವಂತಲ್ರಿ?

ಕಿಟ್ಟ ಕೂತ ಜಾಗದಲ್ಲಿ ಒಸಡು ಮೊದಲೇ ಹಿಂದೆ ಸರಿದಿರುತ್ತದೆ. ಕಿಟ್ಟ ತೆಗೆದಾಗ ಆ ಸಂದು ನಾಲಿಗೆಗೆ ತಾಗುತ್ತದೆ, ಹೊಸದಾಗಿ ಆದ ಹಾಗೆ ಅನ್ನಿಸುತ್ತದೆ. ಕೆಲವು ದಿನ ತಣ್ಣಗಿದ್ದದ್ದು ತಾಗಿದರೆ ಜುಂ ಅನ್ನಬಹುದು. ಹಲ್ಲು ಸಡಿಲ ಮಾಡುವುದು ತೆಗೆಸದೆ ಬಿಟ್ಟ ಕಿಟ್ಟ, ತೆಗೆದ ಕಿಟ್ಟವಲ್ಲ. ಹಾಗೆಯೇ ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಅನ್ನುವುದೂ ಸುಳ್ಳು, ಯಾರೋ ಕೇಳಬೇಕು ಅಂತಿದ್ದಿರಿ.

ಒಬ್ಬ ವಿದ್ಯಾರ್ಥಿನಿ: ಕ್ಲಿಪ್ ಹಾಕಿಸಿಕೊಳ್ಳೋಕೆ ನನಗೆ ಲೇಟಾಯ್ತಾ ಮೇಡಂ?

ಇಲ್ಲ. ಒಸಡು, ಮೂಳೆ ಚೆನ್ನಾಗಿದ್ದರೆ ದೊಡ್ಡವರಿಗೂ ಹಾಕುತ್ತೇವೆ. ಆದರೆ 'ಕ್ಲಿಪ್' ಹಾಕಿದ ಬಾಯಲ್ಲಿ ಪಾಚಿ ಕೂರಲು ಜಾಗ ಎರಡು ಪಟ್ಟು. ರಾತ್ರಿ ಉಜ್ಜುವ ಅಭ್ಯಾಸ ಗಟ್ಟಿಯಾಗದೆ ಹಾಕಿಸಿಕೊಂಡರೆ, ಎರಡು ವರ್ಷವಾದ ಮೇಲೆ ಹಲ್ಲು ನೆಟ್ಟಗಾಗಿರುತ್ತದೆ, ತಂತಿಯ ಸುತ್ತ ಬಿಳಿ ಕಲೆ ಉಳಿದಿರುತ್ತದೆ. ಮೊದಲು ಅಭ್ಯಾಸ ಮಾಡಿಕೊಂಡು ಬಾ.

ದೈಹಿಕ ಶಿಕ್ಷಣ ಶಿಕ್ಷಕಿ: ಖೋಖೋ ಆಡುವಾಗ ಬಿದ್ದು ಮುಂದಿನ ಹಲ್ಲು ಬೇರುಸಮೇತ ಕಿತ್ತುಬಂದರೆ ಏನು ಮಾಡಬೇಕು?

ಹಲ್ಲನ್ನು ಹುಡುಕಿ. ಬೇರಿನ ಕಡೆ ಮುಟ್ಟಬೇಡಿ, ಬಾಯಲ್ಲಿ ಕಾಣುವ ಬಿಳಿ ಭಾಗವನ್ನೇ ಹಿಡಿಯಿರಿ. ಮಣ್ಣಾಗಿದ್ದರೆ ಹಾಲಿನಲ್ಲೋ ನಲ್ಲಿ ನೀರಿನಲ್ಲೋ ಕೆಲವೇ ಸೆಕೆಂಡು ತೊಳೆಯಿರಿ, ತಿಕ್ಕಬೇಡಿ. ಧೈರ್ಯವಿದ್ದರೆ ಅದೇ ಗುಳಿಗೆ ಮರಳಿ ಕೂರಿಸಿ, ಕರ್ಚೀಫು ಕಚ್ಚಿಹಿಡಿಯಲು ಹೇಳಿ ಕರೆದುಕೊಂಡು ಬನ್ನಿ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿ ತನ್ನಿ. ಕಾಗದದಲ್ಲಿ ಸುತ್ತಿ ತಂದರೆ ಒಣಗಿ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಅರ್ಧ ಗಂಟೆಯೊಳಗೆ ಬಂದರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಚಿಕ್ಕ ಮಕ್ಕಳ ಹಾಲುಹಲ್ಲಿಗೆ ಮಾತ್ರ ಹೀಗೆ ಮಾಡಬೇಡಿ, ಕೆಳಗೆ ಬರುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ನಿಮ್ಮ ಆಟದ ಮೈದಾನದ ಹತ್ತಿರ ಹಾಲಿನ ಅಂಗಡಿ ಎಲ್ಲಿದೆ ಅನ್ನುವುದನ್ನು ಈಗಲೇ ನೋಡಿಟ್ಟುಕೊಳ್ಳಿ.